ಹೈದರಾಬಾದ್ ಲ್ಯಾನ್ಸರ್ಸ್: ‘ಸ್ವಯಂಪ್ರೇರಿತ’ ಸೇವೆಯ ಚಾರಿತ್ರಿಕ ನೆಲೆ

ಬಸವಕಲ್ಯಾಣ ಹಾಗೂ ಹುಮನಾಬಾದ್ ಪರಿಸರವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಲ್ಯಾಣವು ನವಾಬರ ಜಹಗೀರಾಗಿತ್ತು. ಕುದುರೆಪಡೆಯ ಪೋಷಣೆಗೆಂದು ಸರದಾರರಿಗೆ ಭೂಮಿ ಬಿಟ್ಟುಕೊಡುವ ‘ಪಾಯಗಾ’ ವ್ಯವಸ್ಥೆಯೂ ಈ ಸಂಸ್ಥಾನದಲ್ಲಿ ರೂಢಿಯಲ್ಲಿತ್ತು. ರಾವುತ ಮತ್ತು ಭೂಕಂದಾಯಗಳ ನಂಟು ಇಲ್ಲಿ ಹಳೆಯದು. ಆದರೂ ಮೊದಲ ಮಹಾಯುದ್ಧದ ಅಶ್ವದಳವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮೈಸೂರು ಲ್ಯಾನ್ಸರ್ಸ್ ಮಾತ್ರ. ಅದೇ ಬ್ರಿಗೇಡಿನಲ್ಲಿದ್ದ ಹೈದರಾಬಾದ್ ಲ್ಯಾನ್ಸರ್ಸ್‌ನ ಸೇವೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1887ರಲ್ಲಿ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ವಾಯವ್ಯ ಗಡಿಯ ರಕ್ಷಣೆಗೆ 60 ಲಕ್ಷ ರೂಪಾಯಿ ನೀಡಲು ಮುಂದಾದರು. 1889ರಲ್ಲಿ ರೂಪುಗೊಂಡ ಇಂಪೀರಿಯಲ್ ಸರ್ವಿಸ್ ಪಡೆಗಳ ಯೋಜನೆಗೆ ಇಂತಹ ಕೊಡುಗೆಗಳೇ ಹಿನ್ನೆಲೆ. ಪಡೆಯ ವೆಚ್ಚ ಸಂಸ್ಥಾನದ್ದು, ತರಬೇತಿಯ ಮೇಲ್ವಿಚಾರಣೆ ಬ್ರಿಟಿಷ್ ಅಧಿಕಾರಿಗಳದ್ದು. ಹೀಗಾಗಿ ‘ಸ್ವಯಂಪ್ರೇರಿತ’ ಎಂಬ ವಿಶೇಷಣವು ಮೂಲತಃ ಅರಸನ ಕೊಡುಗೆಗೆ ಸಲ್ಲುತ್ತದೆ. ಸಂಬಳಕ್ಕೆ ದುಡಿಯುವ ಸವಾರನ ಇಚ್ಛೆಯನ್ನು ಅದು ಸೂಚಿಸುವುದಿಲ್ಲ.

1914ರ ನವೆಂಬರಿನಲ್ಲಿ ತುರ್ಕಿಯು ಯುದ್ಧದಲ್ಲಿ ತೊಡಗಿದಾಗ ಈ ಅಂತರ ತೀವ್ರಗೊಂಡಿತು. ತುರ್ಕಿಯ ಸುಲ್ತಾನನೇ ಖಲೀಫನಾಗಿದ್ದ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರಿಗೆ ನಿಷ್ಠರಾಗಿರುವಂತೆ ಮುಸ್ಲಿಮರಿಗೆ ಕರೆಯಿತ್ತರು. ಸಂಸ್ಥಾನದ ಸವಾರರು ಖಲೀಫನ ಸೈನ್ಯಕ್ಕೆ ಎದುರಾಗಿ ಸುಯೆಜ್ ಕಾಲುವೆಯ ಕಾವಲಿಗೂ ಮುಂದೆ ಪ್ಯಾಲೆಸ್ತೀನಿಗೂ ತೆರಳಿದರು. ಅವರ ಧರ್ಮಸಂಕಟವನ್ನು ಪ್ರಭುವಿನ ಘೋಷಣೆಯಿಂದ ಅಳೆಯಲಾಗದು. 1918ರಲ್ಲಿ ನಿಜಾಮರಿಗೆ ‘ನಿಷ್ಠಾವಂತ ಮಿತ್ರ’ ಎಂಬ ಬಿರುದು ಸಂದಿತು.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ನಡೆದ ದಾಳಿಯಲ್ಲಿ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಪಾಲ್ಗೊಂಡವು. ಹೈದರಾಬಾದಿನ ದಳವನ್ನು ಯುದ್ಧಕೈದಿಗಳ ಬೆಂಗಾವಲಿಗೆ ನಿಯೋಜಿಸಲಾಗಿತ್ತು. 1922ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಮೂರೂ ಸಂಸ್ಥಾನಗಳನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತದ ಹೆಸರಿಗೆ ‘ಹೈಫಾ’ ಸೇರಿತು. ಇದರಿಂದ ಸ್ಮಾರಕದ ಅರ್ಥವು ಒಂದೇ ದಿನದ ದಾಳಿಗೆ ಸಂಕುಚಿತಗೊಂಡು, ಆ ದಿನ ಅಲ್ಲಿರದ ದಳದ ವರ್ಷಗಳ ದುಡಿಮೆ ಮರೆಗೆ ಸರಿಯಿತು.

ಕಾವಲು, ಗಸ್ತು, ಬೆಂಗಾವಲುಗಳಿಲ್ಲದೆ ಯಾವ ವಿಜಯವೂ ಸಾಧ್ಯವಿಲ್ಲ. ದಾಳಿಯ ವೀರಗಾಥೆಯನ್ನಷ್ಟೇ ಸೇವೆಯೆಂದು ಪರಿಗಣಿಸುವ ದೃಷ್ಟಿ ಬದಲಾಗಬೇಕು. 1956ರಲ್ಲಿ ಬೀದರ್ ಜಿಲ್ಲೆಯೊಡನೆ ಕರ್ನಾಟಕಕ್ಕೆ ಸೇರಿದ ಈ ಪ್ರದೇಶದ ಚರಿತ್ರೆಯಲ್ಲಿ, ನಿಜಾಮಶಾಹಿಯ ವಿಮರ್ಶೆಯೊಂದಿಗೆ ಅದರ ಸಾಮಾನ್ಯ ಸವಾರನ ಬದುಕಿಗೂ ಸ್ಥಾನ ದೊರೆಯಬೇಕಾಗಿದೆ.