ಎರಡು ಯಂತ್ರಗಳ ನಡುವೆ ಒಂದು ತಂತಿ

ಹಳೆಯ ಕಂಪ್ಯೂಟರಿನಲ್ಲಿ ಮನೆಯವರ ಭಾವಚಿತ್ರಗಳೂ ಲೆಕ್ಕಪತ್ರಗಳೂ ಇವೆ. ಯಂತ್ರವೋ ಇಂದೋ ನಾಳೆಯೋ ನಿಲ್ಲುವಂತಿದೆ. ಅವನ್ನು ಹೊಸ ಯಂತ್ರಕ್ಕೆ ಸಾಗಿಸಲು ಎರಡರ ನಡುವೆ ನೇರವಾಗಿ ಈಥರ್‌ನೆಟ್ ತಂತಿ ಹಾಕುವುದು ಸುಲಭೋಪಾಯ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಆದರೆ ತಂತಿ ಹಾಕಿದರೂ ಒಂದಕ್ಕೊಂದು ಕಾಣದಿದ್ದಾಗ, ಅನೇಕರು ಗಾಬರಿಯಿಂದ ಎಲ್ಲವನ್ನೂ ಒಮ್ಮೆಗೇ ಬದಲಿಸಿ ದೋಷವನ್ನು ಇನ್ನಷ್ಟು ಮರೆಮಾಡುತ್ತಾರೆ. ಒಂದೊಂದೇ ಮೆಟ್ಟಿಲಾಗಿ ಪರೀಕ್ಷಿಸುವ ಕ್ರಮವನ್ನು ನಾವಿಲ್ಲಿ ವಿವರಿಸುತ್ತೇವೆ.

1. ತಂತಿ: ಕಾಸಿಮೇಡಿನಂತಹ ಮೀನುಗಾರಿಕೆ ಬಂದರಿನ ಬದಿಯ ಮನೆಗಳಲ್ಲಿ ಮೊದಲು ಶಂಕಿಸಬೇಕಾದುದು ಉಪ್ಪುಗಾಳಿಯನ್ನು. ತಂತಿಯ ತುದಿಯಲ್ಲಿ 8 ಸಣ್ಣ ಲೋಹದ ಪಟ್ಟಿಗಳಿವೆ. ಅವುಗಳ ಚಿನ್ನದ ಲೇಪ ತೆಳುವಾಗಿದ್ದರೆ ಒಳಗಿನ ಲೋಹಕ್ಕೆ ಕಿಲುಬು ಹತ್ತುತ್ತದೆ. ಕಿಲುಬು ಕಂಡ ತಂತಿಯನ್ನು ಬದಲಿಸುವುದೇ ಲೇಸು. ಯಂತ್ರ ತೀರ ಹಳೆಯದಾದರೆ ಎಳೆಗಳನ್ನು ಅದಲುಬದಲು ಮಾಡಿದ 'ಕ್ರಾಸ್‌ಓವರ್' ತಂತಿ ಬೇಕಾದೀತು. ಹೊಸ ಯಂತ್ರಗಳು ಈ ಹೊಂದಾಣಿಕೆಯನ್ನು ತಾವೇ ಮಾಡಿಕೊಳ್ಳುತ್ತವೆ.

2. ದೀಪ: ತಂತಿ ಸೇರುವ ಕಿಂಡಿಯ ಬಳಿ ಸಾಮಾನ್ಯವಾಗಿ ಪುಟ್ಟ ದೀಪವಿರುತ್ತದೆ. ಅದು ಉರಿಯದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಬಾರದು. ಉರಿದ ಮಾತ್ರಕ್ಕೆ ತಂತಿ ಪೂರ್ಣ ಸರಿಯೆಂದೂ ತಿಳಿಯಬಾರದು. 100 ಮೆಗಾಬಿಟ್ ವೇಗಕ್ಕೆ 4 ಎಳೆಗಳು ಸಾಕು. 1000ಕ್ಕೆ 8 ಎಳೆಗಳೂ ಬೇಕು. ಎರಡೂ ಯಂತ್ರಗಳು 1000ದವಾಗಿದ್ದು ವೇಗ 100ಕ್ಕೇ ನಿಂತರೆ ಯಾವುದೋ ಎಳೆ ಕಡಿದಿರಬಹುದು.

3. ವಿಳಾಸ: ವಿಳಾಸ ಹಂಚುವ ರೌಟರ್ ನಡುವೆ ಇಲ್ಲದಿರುವುದರಿಂದ ಯಂತ್ರವು 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಎರಡೂ ಹೀಗೆ ಮಾಡಿದ್ದರೆ ಬಾಧಕವಿಲ್ಲ. ಒಂದಕ್ಕೆ ಹಿಂದೆಂದೋ ಬೇರೆ ವಿಳಾಸ ಬರೆದಿಟ್ಟಿದ್ದರೆ ಎರಡೂ ಬೇರೆ ಬೇರೆ ಬೀದಿಯವರಾಗುತ್ತಾರೆ. ಆಗ ಒಂದಕ್ಕೆ 10.10.10.1, ಇನ್ನೊಂದಕ್ಕೆ 10.10.10.2 ಎಂದು ನಾವೇ ಬರೆದು, ಎರಡಕ್ಕೂ 255.255.255.0 ಎಂಬ ಮಾಸ್ಕ್ ಕೊಡಬೇಕು. ಗೇಟ್‌ವೇ ಜಾಗವನ್ನು ಖಾಲಿ ಬಿಡಬೇಕು.

4. ಕೂಗು: ಈಗ ಒಂದರಿಂದ ಇನ್ನೊಂದನ್ನು 'ಪಿಂಗ್' ಮಾಡಿ ನೋಡಬೇಕು. 1983ರಲ್ಲಿ ಇದನ್ನು ಬರೆದ ಮೈಕ್ ಮೂಸ್ ಅವರು ನೀರಿನೊಳಗೆ ಶಬ್ದ ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವ ಸೋನಾರ್ ಉಪಕರಣದ ಸದ್ದಿನಿಂದ ಈ ಹೆಸರನ್ನು ತೆಗೆದುಕೊಂಡರು. ಮೀನಿನ ಹಿಂಡನ್ನು ದೋಣಿಯಿಂದ ಪತ್ತೆಹಚ್ಚುವುದೂ ಇದೇ ತತ್ತ್ವದಿಂದ. ಉತ್ತರ ಬಾರದಿದ್ದರೆ ತಂತಿಯನ್ನು ದೂರಬೇಡಿ. ವಿಂಡೋಸ್ ಯಂತ್ರವು ಗುರುತಿಲ್ಲದ ಸಂಪರ್ಕವನ್ನು ಸಾರ್ವಜನಿಕವೆಂದು ಬಗೆಯುವುದರಿಂದ ಅದರ ಫೈರ್‌ವಾಲ್ ಕೂಗನ್ನು ಬಾಗಿಲಲ್ಲೇ ತಡೆದಿರಬಹುದು. ಈ ತಂತಿಯ ಸಂಪರ್ಕವನ್ನು ಖಾಸಗಿಯೆಂದು ಗುರುತಿಸಿ ಫೈಲ್ ಹಂಚಿಕೆಗೆ ಅನುಮತಿ ಕೊಡಿ. ಕೆಲಸ ಮುಗಿದ ಮೇಲೆ ಅದನ್ನು ಹಿಂತೆಗೆದುಕೊಳ್ಳಿ. ಕಾವಲನ್ನು ಪೂರ್ತಿ ತೆಗೆದುಹಾಕುವುದು ತರವಲ್ಲ.

ಕಡೆಯದಾಗಿ ಒಂದು ಮಾತು. ಪ್ರತಿ ಕಡತವೂ ಹೊಸ ಯಂತ್ರದಲ್ಲಿ ತೆರೆಯುವುದನ್ನು ಕಣ್ಣಾರೆ ಕಾಣುವವರೆಗೆ ಹಳೆಯದರಲ್ಲಿ ಒಂದನ್ನೂ ಅಳಿಸಬಾರದು. ತಂತಿಯನ್ನು ಮತ್ತೆ ಕೊಳ್ಳಬಹುದು. ಅಜ್ಜಿಯ ಭಾವಚಿತ್ರವನ್ನು ಕೊಳ್ಳಲಾಗದು.