ಮಳವಳ್ಳಿಯಿಂದ ಮಗಳ ಮನೆಗೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವವರು ಮಳವಳ್ಳಿ, ಮದ್ದೂರು ಕಡೆ ಈಗ ಅಪರೂಪವಲ್ಲ. ನಾವು ಗಂಡ ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬಂದ ಮೇಲೆ, ಟಿಕೆಟ್ ಹಿಡಿದು ಮನೆಗೆ ಬರುವವರ ಮೊದಲ ಪ್ರಶ್ನೆ ಒಂದೇ: “ಎಷ್ಟೊತ್ತಾಯ್ತದೆ ಮೇಷ್ಟ್ರೇ ಅಲ್ಲಿಗೆ?” ಹದಿನೇಳು ಗಂಟೆ ಅನ್ನೋದು ವಿಮಾನದ ಲೆಕ್ಕ, ಮನೆ ಬಿಟ್ಟವರ ಲೆಕ್ಕ ಬೇರೆ ಎನ್ನುತ್ತೇನೆ.

ಭೂಗೋಳ ಕಲಿಸಿದವನು, ಹಾಗಾಗಿ ಮೊದಲು ಗ್ಲೋಬ್ ಮುಂದಿಡುತ್ತೇನೆ. ಬೆಂಗಳೂರು ಪೂರ್ವಕ್ಕೆ 77 ಡಿಗ್ರಿ ದಾಟಿದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮಕ್ಕೆ 122 ಡಿಗ್ರಿಯಲ್ಲಿ. ಎರಡೂ ಊರಿನ ಮೇಲೆ ನೂಲು ಹಿಡಿದು ಬಿಗಿಯಾಗಿ ಎಳೆದರೆ ಅದು ಅರಬ್ಬೀ ಸಮುದ್ರದ ಕಡೆಗೂ ನಿಲ್ಲದು, ಪೆಸಿಫಿಕ್ ಕಡೆಗೂ ನಿಲ್ಲದು. ಜಾರಿ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ಕೂರುತ್ತದೆ. ಆ ದಾರಿಯೇ ಅತಿ ಹತ್ತಿರದ್ದು, ಸುಮಾರು 14,000 ಕಿ.ಮೀ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಧ್ರುವದ ಮೇಲಿಂದಲೇ ಹಾರಿಸಿಕೊಂಡು ಬಂದರು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿದರು. ಆ ಸಾಹಸ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾರಿದ್ದು ಹದಿನೇಳು ಗಂಟೆ, ಕ್ಯಾಲೆಂಡರಿನಲ್ಲಿ ಎರಡು ದಿನ ಹೇಗೆ ಸರಿಯಿತು? ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬರುವಾಗ ಆ ಗಂಟೆಗಳೆಲ್ಲ ಕೂಡುತ್ತವೆ. ಹೋಗುವಾಗ ಕಳೆಯುತ್ತವೆ: ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊರಟರೆ ಅದೇ ಭಾನುವಾರ ಸಂಜೆ ಅಲ್ಲಿರುತ್ತೀರಿ. ಮೈಗೆ ಮಾತ್ರ ಅದು ಸೋಮವಾರದ ಬೆಳಗು. ನನ್ನ ಹೆಂಡತಿಗೆ ಶುಗರ್ ಇದೆ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಹೊರಡುವ ಮುಂಚೆಯೇ ವೈದ್ಯರಿಂದ ಬರೆಸಿಕೊಂಡು, ಊರಿನ ಗಂಟೆ ಒಂದು ಸಾಲು, ಅಲ್ಲಿನ ಗಂಟೆ ಇನ್ನೊಂದು ಸಾಲು ಮಾಡಿ ಔಷಧಿ ಚೀಲದೊಳಗೆ ಅಂಟಿಸಿದ್ದೆ. ಆ ಚೀಲ ಕೈಯಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿಗೆ ಹಾಕಕೂಡದು. ಮಗಳ ವಿಳಾಸ, ಫೋನ್ ನಂಬರು ಬರೆದ ಚೀಟಿಯೂ ಅದರಲ್ಲೇ. ಕಾಲು ಊದುತ್ತದೆ, ಆಗಾಗ ಎದ್ದು ಓಡಾಡಿ. ಇಂಗ್ಲಿಷಿಗೆ ಅಂಜುವವರು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಕೊಳ್ಳಲಿ. ತಳ್ಳುವವರು ಇಮಿಗ್ರೇಶನ್ ದಾಟಿಸಿ ಹೊರಗೆ ಬಿಡುತ್ತಾರೆ.

ನೇರ ವಿಮಾನ ಸಿಗದಿದ್ದರೆ ದುಬೈ ದಾರಿ. ವಯಸ್ಸಾದವರಿಗೆ ನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಅದೇ ವಾಸಿ ಎಂದು ನನಗನಿಸುತ್ತದೆ, ಇಳಿದು ಹತ್ತಲು ಮೂರ್ನಾಲ್ಕು ಗಂಟೆ ಬಿಡುವಿದ್ದರೆ.

ಇನ್ನು ನಮ್ಮ ನೆಲದ ದಾರಿ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮದ್ದೂರಿನಿಂದ ಕೆಂಗೇರಿವರೆಗೆ ಸಲೀಸು. ಆದರೆ ನಾವು ಬೆಂಗಳೂರು ಸೇರುವುದು ನೈರುತ್ಯದಲ್ಲಿ, ವಿಮಾನ ನಿಲ್ದಾಣ ಇರುವುದು ಉತ್ತರದ ದೇವನಹಳ್ಳಿ ಬಳಿ. ಊರು ದಾಟುವ ಆ ತುಂಡು ದಾರಿಯೇ ಹೆಚ್ಚು ಹೊತ್ತು ತಿನ್ನುತ್ತದೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು ಬೇರೆ. ಮಧ್ಯಾಹ್ನ ಎರಡರ ವಿಮಾನಕ್ಕೆ ಮಳವಳ್ಳಿ ಬಿಡಬೇಕಾದ್ದು ಬೆಳಗಿನ ಆರಕ್ಕೆ. ವಾಪಸು ಬರಲು ಮಾತ್ರ ನಸುಕಿನಲ್ಲಿ ಇಳಿಯುವ ವಿಮಾನವನ್ನೇ ಕೇಳಿ: ಆಫೀಸಿನ ಗಾಡಿಗಳು ರಸ್ತೆಗಿಳಿಯುವ ಮುಂಚೆ ಹೆಬ್ಬಾಳ ದಾಟಿದರೆ, ಬೆಳಗಿನ ತಿಂಡಿ ಮದ್ದೂರಿನಲ್ಲಿ.