ದ್ವಿಚಕ್ರಯಾನದ ವೇಗವೂ ದೇಹಶಕ್ತಿಯ ವ್ಯಯವೂ

ಉಂಡ ಅನ್ನವೇ ದೇಹದ ಇಂಧನ. ಆ ಇಂಧನದ ಅಳತೆಗೋಲು ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವನ್ನೇ ಆಹಾರಶಾಸ್ತ್ರವು ಒಂದು ಕ್ಯಾಲೊರಿಯೆಂದು ಗಣಿಸುತ್ತದೆ. ಸೈಕಲ್ ಸವಾರನು ವೇಗವನ್ನು ಹೆಚ್ಚಿಸಿದಂತೆ ಈ ವ್ಯಯವು ಹೇಗೆ ಬೆಳೆಯುವುದೆಂಬುದು ವಿಚಾರಾರ್ಹವಾಗಿದೆ.

ಮಂಗಳೂರಿನ ಕೊಟ್ಟಾರ ಚೌಕಿಯಿಂದ ಕೂಳೂರಿನ ಕಡೆಗೆ ಹೆದ್ದಾರಿಯಲ್ಲಿ ಅರುವತ್ತು ಕಿಲೋಗ್ರಾಂ ತೂಕದ ಒಬ್ಬನು ಆರು ಕಿಲೋಮೀಟರು ಸಾಗುವನೆಂದು ಭಾವಿಸೋಣ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಅವನ ವ್ಯಯ ಗಂಟೆಗೆ ಸುಮಾರು 240 ಕ್ಯಾಲೊರಿ. 24 ಕಿಲೋಮೀಟರು ವೇಗದಲ್ಲಿ ಸುಮಾರು 600. ಮೊದಲನೆಯ ಗತಿಯಲ್ಲಿ 24 ನಿಮಿಷಗಳಿಗೆ 96 ಕ್ಯಾಲೊರಿಯೂ, ಎರಡನೆಯದರಲ್ಲಿ 15 ನಿಮಿಷಗಳಿಗೆ 150 ಕ್ಯಾಲೊರಿಯೂ ವ್ಯಯವಾಗುತ್ತವೆ. ಉಳಿದುದು ಒಂಬತ್ತು ನಿಮಿಷ. ಅದಕ್ಕೆ ತೆತ್ತ ಬೆಲೆ ಸರಿಸುಮಾರು ಒಂದು ಇಡ್ಲಿಯ ಸತ್ತ್ವ.

ಇದಕ್ಕೆ ಮುಖ್ಯ ಕಾರಣ ಗಾಳಿ. ವೇಗವು ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಎದುರಿಸಲು ಪ್ರತಿಕ್ಷಣವೂ ಬೇಕಾಗುವ ಸಾಮರ್ಥ್ಯವು ಎಂಟು ಮಡಿಯಾಗುತ್ತದೆ. ಎದುರುಗಾಳಿಯಿದ್ದಲ್ಲಿ ನಿಧಾನಗತಿಯವನಿಗೂ ಈ ಶ್ರಮ ತಪ್ಪದು. ಕದ್ರಿಯ ಕಡೆಗಿನ ಏರುದಾರಿಯಲ್ಲಾದರೋ ಗಾಳಿಗಿಂತ ದೇಹಭಾರವೇ ಹೆಚ್ಚು ಬಾಧಿಸುತ್ತದೆ. ಸ್ನಾಯುಗಳು ವ್ಯಯಿಸಿದ ಶಕ್ತಿಯಲ್ಲಿ ಸುಮಾರು ಕಾಲುಭಾಗವಷ್ಟೇ ಚಕ್ರವನ್ನು ತಿರುಗಿಸುತ್ತದೆ, ಉಳಿದುದು ಶಾಖವಾಗುತ್ತದೆ. ಕರಾವಳಿಯ ತೇವಭರಿತ ಹವೆಯಲ್ಲಿ ಬೆವರು ಬೇಗ ಆರದು. ಆದುದರಿಂದ ಬೆವರನ್ನು ಕಂಡು ವ್ಯಯವನ್ನು ಅಳೆಯುವುದು ಸರಿಯಲ್ಲ.

ಮೈಭಾರವನ್ನು ಇಳಿಸಬಯಸುವ ಮಧ್ಯವಯಸ್ಕರು ವೇಗವೊಂದನ್ನೇ ನೆಚ್ಚಬಾರದು. ಹತ್ತು ನಿಮಿಷ ರಭಸದಿಂದ ತುಳಿದು ಬಳಲಿ ನಿಂತವನ ವ್ಯಯ 100 ಕ್ಯಾಲೊರಿ. ನಲವತ್ತು ನಿಮಿಷ ಸಮಗತಿಯಲ್ಲಿ ಸಾಗಿದವನದು 160. ಇಲ್ಲಿ ತಾಳ್ಮೆಯೇ ಗೆಲ್ಲುತ್ತದೆ.

ಮಕ್ಕಳ ವಿಷಯ ಬೇರೆ. 2006–07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ದೂರದ ಶಾಲೆಯೂ ಹತ್ತಿರವಾಯಿತು. ಆದರೆ ತಿಂಡಿಯನ್ನು ಬಿಟ್ಟು, ಪ್ರಾರ್ಥನೆಯ ಗಂಟೆಗೆ ಅಂಜಿ ರಭಸದಿಂದ ತುಳಿದು ಬರುವ ಬಾಲಕನು ಅದೇ ದಾರಿಗೆ ಹೆಚ್ಚು ಶಕ್ತಿಯನ್ನು ತೆತ್ತು, ಬರಿಯ ಹೊಟ್ಟೆಯಲ್ಲಿ ಪಾಠಕ್ಕೆ ಕೂರುತ್ತಾನೆ. ಮೊದಲ ಪಾಠದಲ್ಲಿ ಅವನು ತೂಕಡಿಸಿದರೆ ಗದರುವ ಮುನ್ನ ಉಂಡು ಬಂದನೇ ಎಂದು ಕೇಳುವುದು ಉಪಾಧ್ಯಾಯಧರ್ಮ. ಸೈಕಲ್ ದಾನ ಮಾಡುವ ಉದಾರಿಗಳು ಮುಂಜಾನೆಯ ಉಪಾಹಾರವನ್ನೂ ಅದರೊಡನೆ ಚಿಂತಿಸಿದರೆ ಆ ದಾನವು ಪೂರ್ಣವಾಗುವುದು.